ಒಂಬತ್ತು ಡಿಗ್ರಿಗೆ ಮೊದಲ ದರ್ಜೆ

ಅಕ್ಕಾ,

ಈ ಚಳಿಯೂರಿನಲ್ಲಿ ಹತ್ತಿದ ಕೆಮ್ಮು ಕಡಿಮೆಯಾಗಿದೆ, ಸಿಟ್ಟು ಇಳಿದಿಲ್ಲ. ಕಟ್ಟಡಗಳಿಗೆ ಇಂಧನ ಉಳಿತಾಯದ ದರ್ಜೆ ಕೊಡುವ ನಮ್ಮ ಕಚೇರಿ ನಿನ್ನೆ ಒಂದು ಹಳೇ ಕಟ್ಟಡಕ್ಕೆ ಮೊದಲ ದರ್ಜೆ ಬರೆದಿಟ್ಟಿತು, ನನ್ನ ಸಹಿಯೊಂದೇ ಬಾಕಿ. ನಾನು ನೋಡಲು ಹೋದರೆ, ಅಲ್ಲೊಬ್ಬ ಅಜ್ಜಿ ಕೋಟು, ಕೈಗವಸು ಹಾಕಿಕೊಂಡೇ ಈರುಳ್ಳಿ ಹೆಚ್ಚುತ್ತಿದ್ದರು. "ಹೀಟರ್ ಕೆಟ್ಟು ಎರಡು ಚಳಿಗಾಲ ಆಯ್ತಮ್ಮ," ಎಂದರು. ಕೆಟ್ಟ ಹೀಟರಿಗೆ ಮೀಟರ್ ಎಲ್ಲಿಂದ ಓಡಬೇಕು? ಕೋಣೆ ಬೆಚ್ಚಗಿದ್ದರೆ ತಾನೇ ಉಳಿತಾಯದ ಲೆಕ್ಕ. ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಅದನ್ನೇ. ನಮ್ಮ ಸಾಹೇಬರು ನೋಡಿದ್ದು ಮೀಟರ್ ಮಾತ್ರ. "ಬಳಕೆ ಕಮ್ಮಿ ಇದೆಯಲ್ಲ? ತಲೆ ತಿನ್ನಬೇಡ, ಸಹಿ ಹಾಕು," ಎಂದರು. ಸಹಿಯ ಜಾಗದಲ್ಲಿ "ಕೋಣೆಯೊಳಗೆ ಒಂಬತ್ತು ಡಿಗ್ರಿ" ಎಂದು ದಪ್ಪಗೆ ಬರೆದು, ಅವರ ಮೇಜಿನ ಮೇಲೆ ಕುಕ್ಕಿ ಬಂದೆ.

ಈ ಕೆಲಸ ಇನ್ನು ಉಳಿಯುವುದಿಲ್ಲ, ಮನೆಗೆ ಬರುತ್ತಿದ್ದೇನೆ. ನನ್ನ ಮಂಚದ ಮೇಲೆ ಪೇರಿಸಿಟ್ಟಿರುವ ನಿನ್ನ ಸಾಮಾನೆಲ್ಲ ತೆಗೆದಿಡು.

ನಿನ್ನ ತಂಗಿ