ದೊಡ್ಡ ಚೂರು

ಜೂನ್ ೪, ಮಂಗಳವಾರ

ಮತ್ತೆ ಎದ್ದೆ. ಎಲ್ಲರೂ ಮಲಗಿದ ಮೇಲೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಕಾಲು ತಾನಾಗಿಯೇ ಅಡುಗೆಮನೆಗೆ ಎಳೆಯುತ್ತದೆ. ಸಕ್ಕರೆ ಏರಿದೆ, ರಾತ್ರಿ ತಿನ್ನುವ ಚಟ ಬಿಡಿ ಎಂದು ಡಾಕ್ಟರು ಗದರಿದ ಮೇಲೆ ಇವರು ಬಿಸ್ಕತ್ತಿನ ಡಬ್ಬವನ್ನು ಅಟ್ಟಕ್ಕೇರಿಸಿದ್ದಾರೆ. ಸ್ಟೂಲನ್ನು ಮಾತ್ರ ಅಲ್ಲೇ ಬಿಟ್ಟಿದ್ದಾರೆ. ಜಾಣರು!

ಚಟ ಹತ್ತಿದ್ದು ಅತ್ತೆಯಿಂದ. ಮರೆವು ಹೆಚ್ಚಾದಂತೆ ಅವರಿಗೆ ನಡುರಾತ್ರಿ ಹಸಿವು, ಜೊತೆಗೆ ನಾನು ವಿಷ ಹಾಕುತ್ತೇನೆಂಬ ಗುಮಾನಿ. "ಮೊದ್ಲು ನೀನು ತಿನ್ನು, ನೋಡ್ತೀನಿ" ಅನ್ನುತ್ತಿದ್ದರು. ನಾನು ಅರ್ಧ ಬಿಸ್ಕತ್ತು ತಿಂದು, ನಾಲಿಗೆ ಚಾಚಿ ತೋರಿಸಿದ ಮೇಲೆಯೇ ಉಳಿದರ್ಧ ಅವರ ಬಾಯಿಗೆ. ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೇನೋ.

ಕೊನೆಕೊನೆಗೆ ಆ ಗುಮಾನಿಯೂ ಅವರಿಗೆ ಮರೆತುಹೋಯಿತು. ಬಿಸ್ಕತ್ತು ಮುರಿದು ದೊಡ್ಡ ಚೂರನ್ನು ನನ್ನ ಬಾಯಿಗೇ ಹಿಡಿಯುತ್ತಿದ್ದರು. "ತಿನ್ನೇ ಮಗಳೇ, ಎಷ್ಟು ಸೊರಗಿದ್ದೀಯ." ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮಗಳೇ ಎಂದು ಕರೆದದ್ದು ಆಗ ಮಾತ್ರ.

ಅವರು ಹೋದರು. ನನ್ನ ನಡುರಾತ್ರಿಯ ಎಚ್ಚರ ಹೋಗಲಿಲ್ಲ.

ಇವತ್ತು ಸ್ಟೂಲು ಹತ್ತಿ ಡಬ್ಬ ಇಳಿಸಿದೆ. ಒಂದು ಬಿಸ್ಕತ್ತು ಮುರಿದು, ಎರಡು ಚೂರನ್ನೂ ಹಿಡಿದು ಕತ್ತಲಲ್ಲಿ ನಿಂತೆ. ಹಸಿವೇ ಇರಲಿಲ್ಲ. ಯಾರಾದರೂ ಬಾಯಿಗೆ ಹಿಡಿಯಲಿ ಎಂದು ಕಾಯುತ್ತಿದ್ದೆ, ಅಷ್ಟೇ. ಎರಡನ್ನೂ ಡಬ್ಬಕ್ಕೆ ಹಾಕಿ, ನೀರು ಕುಡಿದು ಬಂದೆ.

ಬೆಳಿಗ್ಗೆ ಇವರು ಡಬ್ಬ ತೆಗೆದು, ಮುರಿದಿಟ್ಟವರು ಯಾರು ಎಂದು ಕೇಳೇ ಕೇಳುತ್ತಾರೆ. ದೊಡ್ಡ ಚೂರು ನಿಮ್ಮಮ್ಮ ನನಗೆ ಕೊಟ್ಟದ್ದು, ಅದನ್ನು ಮುಟ್ಟಬೇಡಿ ಎಂದರೆ ಇವರು ಏನೆಂದುಕೊಳ್ಳುತ್ತಾರೋ.