ಹಳೇ ವಾಲ್ವಿನ ದನಿ

ಫೆಬ್ರವರಿ 3, ಸೋಮವಾರ, ಬೈಲಹೊಂಗಲ

ಬೆಳಿಗ್ಗೆ ಅದೇ ಕೆಲಸ. ಚಹಾ. ಗಿಟಾರಿನ ತಂತಿ ಒರೆಸುವುದು. ಬೆರಳು ನೋಯುವವರೆಗೆ ಅರ್ಧ ತಾಸು ನುಡಿಸುವುದು.

ಮುನವಳ್ಳಿಯಿಂದ ದೇವಕ್ಕನ ಫೋನ್. ಬಸುರಿ ಮೊಮ್ಮಗಳು ಶೀತಲಳ ಕುಬಸದ ಶಾಸ್ತ್ರ ಹದಿನಾರಕ್ಕೆ. ಅಜ್ಜಿ ಹಾಡಲೇಬೇಕೆಂದು ಅವಳ ಹಟ. ನಮ್ಮ ಆರ್ಕೆಸ್ಟ್ರಾ ನಿಂತು ಮೂವತ್ತೊಂದು ವರ್ಷ. ಅಂದಿನಿಂದ ದೇವಕ್ಕ ಹಾಡಿಲ್ಲ.

“ಹಾಡತೇನಿ ಸಿದ್ದು. ಆದ್ರ ನಿನ್ನ ಗಿಟಾರ ಆಗಿನಂಗ ನುಡೀಬೇಕು. ಇಲ್ಲಾಂದ್ರ ಎಲ್ಲಿ ದನಿ ಎತ್ತಬೇಕು ಅಂತ ನನಗ ತಿಳಿಯಂಗಿಲ್ಲ.”

ಆಗ ಇಸ್ಮಾಯಿಲಸಾಬರು ಕಟ್ಟಿಕೊಟ್ಟ ವಾಲ್ವ್ ಆಂಪ್ಲಿಫೈಯರ್ ಇತ್ತು. ಗಾಜಿನ ವಾಲ್ವು ಕೆಂಪಗೆ ಕಾದ ಮೇಲೆ ದನಿ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ... ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಿ ಎಷ್ಟೋ ಕಾಲ. ಈಗ ಆ ದನಿ ಕೊಡುವ ಸಣ್ಣ ಪೆಟ್ಟಿಗೆ ಸಿಗುತ್ತದಂತೆ. ಪ್ರೀಆಂಪ್. ಗಿಟಾರಿಗೂ ಸ್ಪೀಕರಿಗೂ ನಡುವೆ ಜೋಡಿಸಬೇಕು.

ಫೆಬ್ರವರಿ 7, ಶುಕ್ರವಾರ

ಬೆಳಗಾವಿಯ ಅಂಗಡಿಯಿಂದ ಎರಡು ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಂಗಳವಾರ ಮರಳಿಸಬೇಕು.

ಒಂದರಲ್ಲಿ ನಿಜವಾದ ವಾಲ್ವ್. ಜಾಲರಿಯ ಹಿಂದೆ ಕೆಂಪಗೆ ಉರಿಯುತ್ತದೆ. ಇನ್ನೊಂದರಲ್ಲಿ ಬರೀ ಎಲೆಕ್ಟ್ರಾನಿಕ್ ಚಿಪ್, ಮೇಲೆ ಆರು ಗುಂಡಿ. ನೋಡಲು ಊಟದ ಡಬ್ಬಿ. ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜನಿಗೆ ಇಬ್ಬರು ರಾಣಿಯರು, ಮೆಚ್ಚಿದವಳೊಬ್ಬಳು, ಮೆಚ್ಚದವಳೊಬ್ಬಳು. ನಾನು ಉರಿಯುವುದನ್ನೇ ಮೆಚ್ಚಿದೆ — ಕಥೆಯ ಕೊನೆಗೆ ಕೈ ಹಿಡಿಯುವವಳು ಮೆಚ್ಚದವಳೇ ಎಂದು ಗೊತ್ತಿದ್ದೂ.

ಫೆಬ್ರವರಿ 9, ಭಾನುವಾರ, ಮುನವಳ್ಳಿ

ವಾಲ್ವಿನದನ್ನು ಒಯ್ದೆ. ಮೀಟಿದೆ. ದೇವಕ್ಕ ಬಾಯಿ ತೆರೆದಳು, ಮುಚ್ಚಿದಳು. ಮೂರು ಸಲ.

“ದನಿ ಚಂದ ಐತೊ. ಆದ್ರ ಮೀಟಿದ ಕೂಡ್ಲೆ ಮೈಮ್ಯಾಲೆ ಬೀಳತೈತಿ. ಆಗ ನೀ ಮೀಟಿದ್ರ ಒಂಚೂರು ಕುಗ್ಗಿ, ಆಮ್ಯಾಲೆ ಏಳತಿತ್ತು. ಆ ಸಂದಿನ್ಯಾಗ ನಾ ಉಸರು ತಗೋತಿದ್ದೆ.”

ಹದಿನಾಲ್ಕು ವರ್ಷ ಜೊತೆಗೆ ನುಡಿಸಿದ್ದೇನೆ. ಇದು ಗೊತ್ತೇ ಇರಲಿಲ್ಲ.

“ಬ್ಯಾಡ ಬಿಡು. ಗಂಟಲ ಕೆಟ್ಟೈತಿ ಅಂತ ಶೀತಲಗ ಹೇಳತೇನಿ.” ಹಾಡಿನ ವಹಿ ಮಡಚಿ ಟ್ರಂಕಿನೊಳಗೆ ಇಟ್ಟಳು.

ಫೆಬ್ರವರಿ 10, ಸೋಮವಾರ, ಸಂಜೆ

ಎರಡೂ ಪೆಟ್ಟಿಗೆ ಹೊತ್ತು ಇಸ್ಮಾಯಿಲಸಾಬರ ಮನೆಗೆ. ಎಂಬತ್ತೆರಡು ವಯಸ್ಸು. ದೇವಕ್ಕನ ಮಾತು ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು.

“ಅದು ನನ್ನ ವಾಲ್ವಿನ ಕರಾಮತ್ತ ಅಲ್ಲೋ ತಮ್ಮಾ, ಕರೆಂಟಿಂದು! ನೀವು ಬಾರಸೂದು ದೇಗಾಂವ, ರಾಮದುರ್ಗದ ಕಡಿ ಹಳ್ಳ್ಯಾಗ. ಪಂಪ್‌ಸೆಟ್ ಎಲ್ಲಾ ಚಾಲೂ. ಇನ್ನೂರಾ ಮೂವತ್ತ ಇರಬೇಕಾದ ಓಲ್ಟೇಜ ಒಂದನೂರಾ ಅರವತ್ತಕ್ಕ ಇಳೀತಿತ್ತು. ನೀ ಜೋರ ಮೀಟಿದ್ರ ಆಂಪ್ಲಿಫೈರ ಕುಂತು ಏಳತಿತ್ತು.”

“ಮತ್ತ ಒಮ್ಮಿನೂ ಹೇಳಲಿಲ್ಲಲ್ರಿ?”

“ಸಾಬರ ಕೈಗುಣಾ ಅಂತ ಹೊಗಳತಿದ್ರಿ. ನಾ ಯಾಕ ಹೇಳ್ಲಿ?”

ಕನ್ನಡಕ ಏರಿಸಿ, ಆ ಊಟದ ಡಬ್ಬಿಯಂಥ ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಓದಿದರು. ಕೊನೆಯ ಗುಂಡಿ ತೋರಿಸಿದರು. “ಇದನ್ನ ತಿರುವು. ಕರೆಂಟ ಕಮ್ಮಿ ಆದಂಗ ನಾಟಕಾ ಮಾಡತೈತಿ.”

ಅರ್ಧಕ್ಕೆ ತಿರುಗಿಸಿ ಮೀಟಿದೆ. ಕುಗ್ಗಿತು... ಎದ್ದಿತು. ಕಣ್ಣ ಮುಂದೆ ಸವದತ್ತಿಯ ತಗಡಿನ ಪೆಂಡಾಲು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ದೇವಕ್ಕ, ಮುಂದಿನ ಸಾಲಿನಲ್ಲಿ ಶೇಂಗಾ ಸುಲಿಯುವವರು.

ಉರಿಯುವುದು ನಾಳೆ ವಾಪಸ್.

ಫೆಬ್ರವರಿ 14

ದೇವಕ್ಕ ಫೋನ್ ಎತ್ತುತ್ತಿಲ್ಲ. ಶೀತಲ ಎತ್ತಿದಳು. “ಅಜ್ಜಾ, ನೀವು ಗಿಟಾರ ತಗೊಂಡು ಸುಮ್ನ ಬರ್ರಿ.”

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ, ಮುನವಳ್ಳಿ

ಶೀತಲ ಹಸಿರು ಸೀರೆ, ಕೈತುಂಬ ಹಸಿರು ಬಳೆ. ದೇವಕ್ಕ ಅಡುಗೆಮನೆ ಬಿಟ್ಟು ಬರಲೊಲ್ಲಳು. ಗುಂಡಿ ಅರ್ಧಕ್ಕಿಟ್ಟು ಮೀಟಿದೆ. ಸವಟು ಹಿಡಿದೇ ಬಾಗಿಲಿಗೆ ಬಂದಳು.

“ಇನ್ನೊಮ್ಮಿ.”

ಮೀಟಿದೆ. ಉಸಿರು ಎಳೆದುಕೊಂಡಳು. ಉಸಿರು ತುಂಬುವ ಮೊದಲೇ ಗಿಟಾರಿನ ದನಿ ಎದ್ದುಬಿಟ್ಟಿತು.

“ದನಿ ಅದ ಐತಿ ಸಿದ್ದು. ನನ್ನ ಉಸರು ಅದಲ್ಲ.”

ಗುಂಡಿಯನ್ನು ಅರ್ಧ ದಾಟಿಸಿದೆ. ಇನ್ನೂ ದಾಟಿಸಿದೆ. ಆ ಹಳೇ ದನಿ ಹೋಯಿತು. ಇದು ಮಂಡಿನೋವಿನವರ ಹಾಗೆ ಕುಂತು, ನೆಲಕ್ಕೆ ಕೈಯೂರಿ ಏಳುವ ದನಿ. ಪೆಟ್ಟಿಗೆ ಕೆಟ್ಟಿದೆ ಎಂದು ಯಾರೋ ನಕ್ಕರು. ನಗಲಿ. ಮೀಟಿದೆ. ದೇವಕ್ಕ ಕಣ್ಣು ಮುಚ್ಚಿ, ನಿಧಾನವಾಗಿ, ಎದೆ ತುಂಬ ತೆಗೆದುಕೊಂಡಳು.

ಎರಡು ಹಾಡಾದವು. ಊಟಕ್ಕೆ ಮೊದಲು ಬರೆದಿಡೋಣವೆಂದು ಕಟ್ಟೆಗೆ ಬಂದು ಕೂತಿದ್ದೇನೆ. ಮೊದಲನೆಯ ಹಾಡಿನಲ್ಲಿ ಅವಳು ಎತ್ತಿದ ಆ —

ಒಳಗಿಂದ ದೇವಕ್ಕ ಕೂಗುತ್ತಿದ್ದಾಳೆ. “ಏ ಸಿದ್ದೂ, ಎಲ್ಲಿ ಹೋದ್ಯೊ? ಇನ್ನೊಂದು ಹಾಡು...”