ಹಲ್ಲಿಗೂ ಕಿಡ್ನಿಗೂ

ಫೆಬ್ರವರಿ 9, ಸಂಜೆ

ಒಪಿಡಿ ಮುಗಿಯಲಿಲ್ಲ, ಟೀ ಆರಿತು. ಅಷ್ಟರಲ್ಲಿ ಅತ್ತಿಗೆಯ ರಿಪೋರ್ಟ್. ಆಂಕಾ ಎಂಬ ರಕ್ತಪರೀಕ್ಷೆ ಪಾಸಿಟಿವ್. ತಿಂಗಳಿಂದ ಬಿಡದ ಜ್ವರ, ಮೂತ್ರದಲ್ಲಿ ರಕ್ತ... ಎಲ್ಲ ತಾಳೆಯಾಯಿತು. ವ್ಯಾಸ್ಕುಲೈಟಿಸ್ — ದೇಹ ತನ್ನ ರಕ್ತನಾಳಗಳ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ. ಅಪರೂಪದ್ದು. ಹಿಡಿದೆನಲ್ಲ ಅಂತ ಒಳಗೊಳಗೇ ಖುಷಿಯಾಯಿತು.

"ಹಲ್ಲು ಕೀಳಿಸಿದ್ಮೇಲಿಂದ್ಲೇ ಕಣೋ ಇದೆಲ್ಲ" ಅಂದರು ಅತ್ತಿಗೆ.

"ಹಲ್ಲಿಗೂ ಕಿಡ್ನಿಗೂ ಏನತ್ತಿಗೆ ಸಂಬಂಧ? ಡಾಕ್ಟರು ನೀವೋ ನಾನೋ?"

ನಕ್ಕರು. ಸ್ಟೀರಾಯ್ಡ್ ಶುರು ಮಾಡಿದೆ.

ಫೆಬ್ರವರಿ 12

ಜ್ವರ ಇಳಿದಿದೆ. "ನನ್ನ ತಮ್ಮ ಒಂದೇ ಏಟಿಗೆ ಹಿಡಿದ" ಅಂತ ಅಣ್ಣ ವಾರ್ಡೆಲ್ಲ ಸಾರಿಕೊಂಡು ಬಂದ. ನನಗೂ ಕೋಡು ಮೂಡಿತು.

ಕೋಟಿನ ಗುಂಡಿ ಜೋತಾಡುವುದು ಅತ್ತಿಗೆಯ ಕಣ್ಣಿಗೇ ಬೀಳಬೇಕೆ. "ಮನೆಗೆ ಬಂದ್ಮೇಲೆ ತಂದುಕೊಡು, ಹೊಲಿದುಕೊಡ್ತೀನಿ." ಸ್ಕೂಲಿನ ಕಾಲದಿಂದ ನನ್ನ ಗುಂಡಿಗಳೆಲ್ಲ ಅವರ ಕೈಯವೇ.

ಫೆಬ್ರವರಿ 21

ಬರೆಯಲು ಮನಸ್ಸು ಬರಲಿಲ್ಲ.

ಅತ್ತಿಗೆಯ ಬಲಗೈ ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ. ವ್ಯಾಸ್ಕುಲೈಟಿಸ್ ಅಲ್ಲವೇ ಅಲ್ಲ. ಹೃದಯದ ಕವಾಟದಲ್ಲಿ ಸೋಂಕು. ಅದರ ಚೂರೊಂದು ಮಿದುಳಿಗೆ ಹೋಗಿದೆ. ಹಲ್ಲು ಕಿತ್ತ ಜಾಗದಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ. ನಾನು ಕೊಟ್ಟ ಸ್ಟೀರಾಯ್ಡ್ ಜ್ವರವನ್ನು ಮುಚ್ಚಿತು, ಸೋಂಕನ್ನು ಬೆಳೆಸಿತು.

ಇಂಥ ಸೋಂಕಿನಲ್ಲೂ ಆಂಕಾ ಪಾಸಿಟಿವ್ ಬರುತ್ತದೆ. ವರ್ಷವರ್ಷವೂ ಸ್ಟೂಡೆಂಟ್‌ಗಳಿಗೆ ನಾನೇ ಪಾಠ ಮಾಡುತ್ತೇನೆ. ಆದರೂ ರಕ್ತದಲ್ಲಿ ಸೋಂಕಿದೆಯೇ ಅಂತ ಬ್ಲಡ್ ಕಲ್ಚರ್ ಕಳಿಸಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ — ಅತ್ತಿಗೆ ಅಂತ ಸಂಕೋಚ. ಬೇರೆ ಯಾರೇ ಆಗಿದ್ದರೂ ಮೊದಲು ಮಾಡುತ್ತಿದ್ದ ಕೆಲಸ. ಕವಾಟ ಸೋರುವ ಸದ್ದು, ಮರ್ಮರ್, ಕೇಳಿಸುತ್ತಿತ್ತು. ಕೇಳಿಸಿಯೇ ಕೇಳಿಸುತ್ತಿತ್ತು.

ಫೆಬ್ರವರಿ 22

ನಾಳೆ ಕವಾಟದ ಆಪರೇಷನ್. ಅಣ್ಣ ಸರ್ಜನ್ ಹತ್ತಿರ ಹೇಳುತ್ತಿದ್ದ: "ಇವನು ಬೇಗ ಕಂಡುಹಿಡಿದಿದ್ದಕ್ಕೆ ಇಷ್ಟಾದ್ರೂ ಉಳಿದಳು." ಸರ್ಜನ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಾಚಿಕೆಗೇಡು.

ಹೇಳಲೇಬೇಕು. ಆಪರೇಷನ್‌ಗೆ ಮೊದಲೇ, ಅಣ್ಣ ಅತ್ತಿಗೆ ಇಬ್ಬರ ಎದುರಿಗೂ.

ಫೆಬ್ರವರಿ 23, ಹನ್ನೊಂದು ಗಂಟೆ

ಬೆಳಿಗ್ಗೆ ಹೋದೆ. ಬಾಯಿ ತೆರೆಯುವ ಮೊದಲೇ ಅತ್ತಿಗೆ ಎಡಗೈಯಲ್ಲಿ ಗುಂಡಿ ಹಿಡಿದರು. "ಹೊಲಿ... ಹೊಲಿ..." ಗುಂಡಿ ಕಿತ್ತು ಅವರ ಕೈಗೇ ಬಂತು.

"ಹಲ್ಲಿನ ಮಾತು ನೀವು ಹೇಳಿದ್ದೇ ಸರಿ ಅತ್ತಿಗೆ. ನಾನು ಕೇಳ್ಲಿಲ್ಲ."

"ಯಾವ ಹಲ್ಲು?" ಅಂದ ಅಣ್ಣ.

ಎಲ್ಲ ಹೇಳಿದೆ. ಅತ್ತಿಗೆಯ ಟ್ರಾಲಿ ತಳ್ಳಲು ಹೋದೆ. ಅಣ್ಣ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಗುಂಡಿ ಅತ್ತಿಗೆಯ ಮುಷ್ಟಿಯಲ್ಲೇ ಇತ್ತಂತೆ. ಅರಿವಳಿಕೆ ಕೊಡುವವರೆಗೂ ಬಿಡಲಿಲ್ಲ ಅಂತ ನರ್ಸ್ ಹೇಳಿದಳು.

ಮುಗಿಯುವ ಹೊತ್ತು ಇನ್ನೂ ಆಗಿಲ್ಲ, ಥಿಯೇಟರಿನ ಬಾಗಿಲು ತೆರೆಯಿತು. ಸರ್ಜನ್ ಬರುತ್ತಿದ್ದಾರೆ, ಅಣ್ಣನ ಕಡೆಗಲ್ಲ, ನನ್ನ ಕಡೆಗೆ.